ಕಣ್ಣಿನ ಪೊರೆ: ಆಪರೇಷನ್ ಈಗಲೇ ಬೇಕೇ, ಕಾಯಬಹುದೇ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಾರೆ. ಎರಡೂ ಕಣ್ಣಿನಲ್ಲಿ ಪೊರೆ ಇದೆ, ಬಲಗಣ್ಣಿನಲ್ಲಿ ಹೆಚ್ಚು. ಒಂದೇ ವರ್ಷದಲ್ಲಿ ಕನ್ನಡಕದ ನಂಬರ್ ಎರಡು ಸಲ ಬದಲಾಯಿತು. ರಾತ್ರಿ ಕಾರು ಓಡಿಸುವಾಗ ಎದುರಿನ ದೀಪಗಳು ಒಡೆದು ಹರಡಿದಂತೆ ಕಾಣುತ್ತವಂತೆ. ಹೋದ ತಿಂಗಳು ಮೆಟ್ಟಿಲಿನ ಕೊನೆಯ ಹಂತ ಕಾಣದೆ ಎಡವಿದರು. ವಿಚಿತ್ರವೆಂದರೆ ಓದುವುದಕ್ಕೆ ಈಗ ಕನ್ನಡಕವೇ ಬೇಡವಾಗಿದೆ! ಒಬ್ಬ ವೈದ್ಯರು ಬಲಗಣ್ಣಿನ ದೃಷ್ಟಿ 6/18 ಇದೆ, ಆಪರೇಷನ್ ಮಾಡಿಸಿ ಎಂದರು. ಇನ್ನೊಬ್ಬರು ಹೊಸ ಕನ್ನಡಕದಲ್ಲಿ 6/9 ಬರುತ್ತದೆ, ಆರು ತಿಂಗಳು ನೋಡೋಣ ಎಂದರು. ಮನೆಯ ಹಿರಿಯರು ಪೊರೆ ಪೂರ್ತಿ ಬಲಿಯಲಿ ಎನ್ನುತ್ತಾರೆ. ಪೊರೆ ಕರಗಿಸುವ ಹನಿ ಇದೆ ಎಂದೂ ಯಾರೋ ಹೇಳಿದರು. ಯಾರ ಮಾತು ಕೇಳಬೇಕು? ತಡ ಮಾಡಿದರೆ ದೃಷ್ಟಿ ಹೋಗಿಬಿಡುತ್ತದೆಯೇ?

ಉತ್ತರ: ಇಬ್ಬರು ವೈದ್ಯರು ಎರಡು ಮಾತು ಹೇಳಿದ್ದು ನಿಮ್ಮನ್ನು ಗೊಂದಲಕ್ಕೆ ತಳ್ಳಿದೆ. ಆದರೆ ನೀವು ಬರೆದಿರುವುದನ್ನು ನೋಡಿದರೆ ಇಬ್ಬರೂ ಸರಿಯಾಗಿಯೇ ಅಳೆದಿರಬೇಕು. 6/18 ಎಂದರೆ ಸಹಜ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರ್‌ಗೆ ಬಂದರೆ ಮಾತ್ರ ಓದುತ್ತದೆ ಎಂದು. ಅದು ಬಹುಶಃ ಈಗಿರುವ ಕನ್ನಡಕದಲ್ಲಿ ಸಿಕ್ಕ ಅಳತೆ. ಹೊಸ ನಂಬರ್ ಹಾಕಿ ನೋಡಿದಾಗ ಅದೇ ಕಣ್ಣು 6/9ಕ್ಕೆ ಏರಿತು. ವ್ಯತ್ಯಾಸ ಬಂದದ್ದು ಪೊರೆಯಿಂದ ಬದಲಾದ ನಂಬರ್‌ನಿಂದ. ಹಾಗಾಗಿ ಕೇಳಬೇಕಾದದ್ದು ಇಬ್ಬರಲ್ಲಿ ಯಾರು ಸರಿ ಎಂದಲ್ಲ. ನಿಮ್ಮ ತಂದೆಯವರ ತೊಂದರೆ ಕನ್ನಡಕದಿಂದ ಹೋಗುವಂಥದ್ದೇ, ಅಲ್ಲವೇ ಎಂದು ಕೇಳಬೇಕು.

ಓದಲು ಕನ್ನಡಕ ಬೇಡವಾದದ್ದು ಕಣ್ಣು ಸುಧಾರಿಸಿದ್ದಕ್ಕಲ್ಲ. ಪೊರೆ ಎನ್ನುವುದು ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ, ಪಾಪೆಯ ಹಿಂದಿರುವ ಸಹಜ ಮಸೂರವೇ ಮಸುಕಾಗುವುದು. ಈ ಮಸೂರ ನೀರು ಮತ್ತು ಪ್ರೋಟೀನುಗಳಿಂದ ಆದದ್ದು. ಜೀವಮಾನವಿಡೀ ಹೊಸ ಎಳೆಗಳು ಹೊರಭಾಗದಲ್ಲಿ ಸೇರುತ್ತಲೇ ಇರುತ್ತವೆ, ಹಳೆಯವು ಎಲ್ಲಿಗೂ ಹೋಗದೆ ನಡುವಿನಲ್ಲಿ ಒತ್ತಾಗಿ ಕೂರುತ್ತವೆ. ಆ ನಡುಭಾಗ ಗಟ್ಟಿಯಾಗಿ ಹಳದಿಗೆ, ಮುಂದೆ ಕಂದು ಬಣ್ಣಕ್ಕೆ ತಿರುಗಿದಾಗ ಬೆಳಕನ್ನು ಬಗ್ಗಿಸುವ ಶಕ್ತಿ ಹೆಚ್ಚುತ್ತದೆ. ಆಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ತಲುಪುವ ಮೊದಲೇ ಕೂಡಿಕೊಳ್ಳುತ್ತದೆ, ಮೈನಸ್ ನಂಬರ್ ಬರುತ್ತದೆ. ಹತ್ತಿರದ್ದು ಬರಿಗಣ್ಣಿಗೆ ಕಾಣುತ್ತದೆ, ದೂರದ್ದು ಮಂಜಾಗುತ್ತದೆ. ಇದು ಕೆಲವು ತಿಂಗಳೋ ಒಂದೆರಡು ವರ್ಷವೋ ಇರುವ ಅನುಕೂಲ. ಮಸುಕು ಹೆಚ್ಚಿದಂತೆ ಓದುವುದೂ ಕಷ್ಟವಾಗುತ್ತದೆ. ವರ್ಷದಲ್ಲಿ ಎರಡು ಸಲ ನಂಬರ್ ಬದಲಾದದ್ದಕ್ಕೂ ಇದೇ ಕಾರಣ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರಿಳಿದಾಗಲೂ ನಂಬರ್ ಓಲಾಡುತ್ತದೆ. ಆದ್ದರಿಂದ ಸಕ್ಕರೆ ಕೆಲವು ವಾರ ಸ್ಥಿರವಾಗಿದ್ದಾಗ ಅಳೆಸಿದ ನಂಬರ್ ಮಾತ್ರ ನಂಬಿ.

ಮಸೂರದ ಎಲ್ಲ ಮಸುಕೂ ಒಂದೇ ಬಗೆಯದಲ್ಲ. ಅಂಚಿನಿಂದ ನಡುವಿಗೆ ಚಕ್ರದ ಅರಗಳಂತೆ ಬಿಳಿ ಗೆರೆಗಳು ಬರುವ ಬಗೆಯಲ್ಲಿ ಬೆಳಕು ಚದುರುವುದು ದೊಡ್ಡ ತೊಂದರೆ. ಮಸೂರದ ಹಿಂಭಾಗದಲ್ಲಿ, ಸರಿಯಾಗಿ ನಡುವೆ, ಚಿಕ್ಕ ಕಲೆ ಮೂಡುವ ಇನ್ನೊಂದು ಬಗೆ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಇದು ಹೆಚ್ಚು, ಬೆಳೆಯುವುದೂ ಬೇಗ. ಬಿಸಿಲಿಗೆ ಹೋದಾಗ ಪಾಪೆ ಕಿರಿದಾಗುತ್ತದೆ, ಉಳಿದ ಆ ಸಣ್ಣ ಕಿಂಡಿಯಲ್ಲೇ ಕಲೆ ಕೂತಿರುತ್ತದೆ. ಹೀಗಾಗಿ ಇಂಥವರು ಕತ್ತಲ ಕೋಣೆಯಲ್ಲಿ ಚಾರ್ಟನ್ನು 6/9ರ ಸಾಲಿನವರೆಗೂ ಓದಿಬಿಡುತ್ತಾರೆ, ಹೊರಗೆ ಬಂದರೆ ಎದುರಿಗೆ ನಿಂತವರ ಮುಖ ಗುರುತಿಸಲಾರರು. ಚಾರ್ಟಿನ ಅಂಕಿಯೊಂದನ್ನೇ ಹಿಡಿದು ಆಪರೇಷನ್ ಬೇಕೋ ಬೇಡವೋ ಎಂದು ನಿರ್ಧರಿಸಬಾರದು ಎನ್ನುವುದು ಇದಕ್ಕೇ. ಬಿಳಿ ಹಾಳೆಯ ಮೇಲಿನ ಕಡುಕಪ್ಪು ಅಕ್ಷರ ಓದುವುದೇ ಬೇರೆ, ಸಂಜೆಯ ಬೆಳಕಿನಲ್ಲಿ ಬೂದು ನೆಲದ ಮೇಲಿನ ಬೂದು ಮೆಟ್ಟಿಲನ್ನು ಗುರುತಿಸುವುದೇ ಬೇರೆ. ನಿಮ್ಮ ತಂದೆ ಎಡವಿದ್ದು ಅಲ್ಲಿಯೇ.

ಬಲಿಯುವವರೆಗೂ ಕಾಯಬೇಕು ಎನ್ನುವ ಮಾತು

ಹಿರಿಯರ ಈ ಮಾತು ಒಂದು ಕಾಲಕ್ಕೆ ಸರಿಯೇ ಆಗಿತ್ತು. ಆಗ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚಿನಲ್ಲಿ 10ರಿಂದ 12 ಮಿ.ಮೀ. ಸೀಳಿ ಮಸೂರ ತೆಗೆದು ಹೊಲಿಗೆ ಹಾಕುತ್ತಿದ್ದರು. ಒಳಗೆ ಕೃತಕ ಮಸೂರ ಇಡುವ ಪದ್ಧತಿ ಇರಲಿಲ್ಲ. ರೋಗಿ ಆಮೇಲೆ ಪ್ಲಸ್ 10ರ ಆಸುಪಾಸಿನ ದಪ್ಪ ಕನ್ನಡಕ ಹಾಕಿಕೊಳ್ಳಬೇಕಿತ್ತು. ಅದರಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ, ಪಕ್ಕದ ನೋಟ ಕತ್ತರಿಸಿಹೋಗುತ್ತದೆ. 6/18 ಕಾಣುತ್ತಿರುವವರಿಗೆ ಅಂಥ ಆಪರೇಷನ್‌ನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು, ಕಾಯುವುದೇ ಜಾಣತನವಾಗಿತ್ತು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಮಸೂರ ಇಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆಯುವ ಫೇಕೋ ವಿಧಾನವನ್ನು ಬಳಕೆಗೆ ತಂದರು. ಈಗ 2.2ರಿಂದ 2.8 ಮಿ.ಮೀ. ಸೀಳು ಸಾಕು, ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಈ ವಿಧಾನದಲ್ಲಿ ಲೆಕ್ಕಾಚಾರ ತಿರುವುಮುರುವು. ಮಸೂರ ಬಲಿತು ಕಲ್ಲಿನಂತಾದಷ್ಟೂ ಅದನ್ನು ಒಡೆಯಲು ಹೆಚ್ಚು ಅಲ್ಟ್ರಾಸೌಂಡ್ ಶಕ್ತಿ ಬೇಕು. ಆ ಶಕ್ತಿ ಕಾರ್ನಿಯಾದ ಒಳಪದರದ ಜೀವಕೋಶಗಳನ್ನು ಘಾಸಿ ಮಾಡುತ್ತದೆ. ಈ ಕೋಶಗಳು ಕಾರ್ನಿಯಾದಿಂದ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿ ಇಡುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ. ತೀರಾ ಕಡಿಮೆಯಾಗಿ 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ, ಪೊರೆ ತೆಗೆದರೂ ದೃಷ್ಟಿ ಬರುವುದಿಲ್ಲ. ಆದ್ದರಿಂದ ಬಲಿಯಲಿ ಎಂದೇ ಕಾಯುವುದರಲ್ಲಿ ಅರ್ಥವಿಲ್ಲ.

ಹಾಗೆಂದು ನಾಳೆಯೇ ಓಡಬೇಕು ಎಂದೂ ಅಲ್ಲ. ಸಾಮಾನ್ಯ ಪೊರೆಯಲ್ಲಿ ಮೂರೋ ಆರೋ ತಿಂಗಳು ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುವುದಿಲ್ಲ. ಇದು ಕಣ್ಣಿನ ನರ ಹಾಳಾಗುವ ಗ್ಲುಕೋಮಾ ಅಲ್ಲ. ಗ್ಲುಕೋಮಾದಲ್ಲಿ ಕಳೆದುಕೊಂಡ ದೃಷ್ಟಿ ವಾಪಸ್ ಬರುವುದಿಲ್ಲ, ಪೊರೆಯಲ್ಲಿ ಕಣ್ಣಿನ ಉಳಿದ ಭಾಗಗಳು ಚೆನ್ನಾಗಿದ್ದರೆ ಬರುತ್ತದೆ. ‘ಬೇಗ ಮಾಡಿಸದಿದ್ದರೆ ಕುರುಡಾಗುತ್ತೀರಿ’ ಎಂದು ಯಾರಾದರೂ ಹೆದರಿಸಿದರೆ ನಿರ್ದಿಷ್ಟ ಕಾರಣ ಏನು ಎಂದು ಕೇಳಿ.

ಕಾಯಬಾರದ ಸಂದರ್ಭಗಳು ನಿಜವಾಗಿಯೂ ಇವೆ. ಮಸೂರ ಊದಿಕೊಂಡು, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸನ್ನು ಮುಂದಕ್ಕೆ ತಳ್ಳಿ, ಕಣ್ಣಿನ ದ್ರವ ಹೊರಹೋಗುವ ಮೂಲೆಯನ್ನು ಮುಚ್ಚುತ್ತಿದ್ದರೆ ಒತ್ತಡ ದಿಢೀರನೆ ಏರಬಹುದು. ಪೂರ್ತಿ ಬಿಳಿಯಾಗಿ ಬಲಿತು ಹಳತಾದ ಪೊರೆಯಿಂದ ಪ್ರೋಟೀನು ಸೋರಿ, ಉರಿಯೂತದ ಜೊತೆ ಒತ್ತಡ ಏರುವುದೂ ಉಂಟು. ಎರಡರಲ್ಲೂ ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತದೆ, ತಲೆನೋವು ವಾಂತಿ ಬರಬಹುದು. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಮೂರನೆಯ ಸಂದರ್ಭ ನಿಮ್ಮ ತಂದೆಯವರಿಗೆ ಹೆಚ್ಚು ಹತ್ತಿರದ್ದು. ಸಕ್ಕರೆ ಕಾಯಿಲೆ ಇರುವವರ ರೆಟಿನಾವನ್ನು ವರ್ಷಕ್ಕೊಮ್ಮೆಯಾದರೂ ನೋಡಲೇಬೇಕು. ಪೊರೆ ದಟ್ಟವಾಗಿ ರೆಟಿನಾ ಕಾಣದಂತಾದರೆ, ದೃಷ್ಟಿ ಎಷ್ಟೇ ಇರಲಿ, ಪೊರೆ ತೆಗೆಯುವುದಕ್ಕೆ ಅದೊಂದೇ ಕಾರಣ ಸಾಕು.

ತೊಂದರೆ ಪೊರೆಯದ್ದೇ?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಪ್ರಶ್ನೆ, ಹೆಚ್ಚಾಗಿ ಹಾರಿಸಿಬಿಡುವುದೂ ಇದನ್ನೇ. ಅರವತ್ತು ದಾಟಿದ ಬಹಳ ಮಂದಿಯ ಕಣ್ಣಲ್ಲಿ ಸ್ವಲ್ಪವಾದರೂ ಪೊರೆ ಸಿಗುತ್ತದೆ. ಸಿಕ್ಕ ಮಾತ್ರಕ್ಕೆ ದೃಷ್ಟಿ ಕುಂದಿದ್ದು ಅದರಿಂದಲೇ ಎನ್ನಲಾಗದು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯಲ್ಲಿ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿಕೊಂಡಿರಬಹುದು. ಆ ಊತ ಇದ್ದಾಗಲೇ ಆಪರೇಷನ್ ಮಾಡಿದರೆ ಅದು ಹೆಚ್ಚುವ ಸಾಧ್ಯತೆ ಇದೆ, ಆದ್ದರಿಂದ ಸಾಮಾನ್ಯವಾಗಿ ಮೊದಲು ಅದಕ್ಕೆ ಚಿಕಿತ್ಸೆ. ಪಾಪೆ ಹಿಗ್ಗಿಸಿ ರೆಟಿನಾ ನೋಡುವುದು, ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್, ಕಣ್ಣಿನ ಒತ್ತಡದ ಅಳತೆ, ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಾರ್ನಿಯಾ ಮತ್ತು ಮಸೂರದ ಪರೀಕ್ಷೆ: ಇವು ಆಗದೆ ದಿನಾಂಕ ನಿಗದಿ ಮಾಡಿಸಿಕೊಳ್ಳಬೇಡಿ.

ಮನೆಯಲ್ಲೇ ಗಮನಿಸಬಹುದಾದದ್ದೂ ಇದೆ. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತದೆ, ಬಾಗಿಲಿನ ಚೌಕಟ್ಟನ್ನು ನೋಡಲಿ. ನೇರ ಗೆರೆ ಸೊಟ್ಟಗೆ ಕಂಡರೆ, ನಡುವಿನಲ್ಲಿ ಕಪ್ಪು ಮಚ್ಚೆ ಇದ್ದರೆ ಅದು ಪೊರೆಯಲ್ಲ, ರೆಟಿನಾ ಕಡೆಯ ಸಂಗತಿ. ದಿಢೀರನೆ ದೃಷ್ಟಿ ಇಳಿಯುವುದು, ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳ ಮಳೆ, ಬದಿಯಿಂದ ಪರದೆ ಎಳೆದಂತಾಗುವುದು ಇವೂ ಪೊರೆಯ ಲಕ್ಷಣಗಳಲ್ಲ, ಅಂದೇ ತೋರಿಸಬೇಕಾದವು. ಒಂದು ಕಣ್ಣನ್ನು ಮುಚ್ಚಿದಾಗಲೂ ಇನ್ನೊಂದರಲ್ಲಿ ಚಂದ್ರ ಎರಡಾಗಿ ಕಂಡರೆ ಅದು ಪೊರೆಯಿಂದ ಆಗಬಹುದು. ಬಣ್ಣಗಳು ಹಳದಿ ಹಿಡಿದಂತೆ ಮಂಕಾಗುವುದು, ಕಡುನೀಲಿ ಮತ್ತು ಕಪ್ಪು ಬೇರೆ ತಿಳಿಯದಿರುವುದು ಪೊರೆಯವು.

ಆಪರೇಷನ್‌ಗೆ ಕಾಲ ಬಂತೇ ಎಂದು ತಿಳಿಯಲು ಅವರು ನಿತ್ಯ ಮಾಡುವ ಕೆಲಸಗಳನ್ನೇ ಕೇಳಬೇಕು. ರಾತ್ರಿ ಓಡಿಸುವುದನ್ನು ತಾವಾಗಿಯೇ ಬಿಟ್ಟಿದ್ದಾರೆಯೇ? ಓದುವಾಗ ದೀಪ ಹತ್ತಿರ ಎಳೆದುಕೊಳ್ಳುತ್ತಾರೆಯೇ? ಮೆಟ್ಟಿಲಿಳಿಯುವಾಗ ಕಾಲಿನಿಂದ ತಡಕುತ್ತಾರೆಯೇ? ಔಷಧಿಯ ಪಟ್ಟಿಯ ಮೇಲಿನ ಸಣ್ಣಕ್ಷರ ಬೇರೆಯವರಿಂದ ಓದಿಸಿಕೊಳ್ಳುತ್ತಾರೆಯೇ? ವಯಸ್ಸಾದವರು ತೊಂದರೆಯನ್ನು ಹೇಳುವುದಿಲ್ಲ, ಆ ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆ. ‘ನನಗೇನೂ ಕಷ್ಟವಿಲ್ಲ’ ಎನ್ನುವವರ ಬಗ್ಗೆ ಮನೆಯವರು ಹೇಳುವುದನ್ನು ವೈದ್ಯರು ಕೇಳಿಸಿಕೊಳ್ಳಬೇಕು, ನೀವೂ ಹೇಳಬೇಕು.

ಹನಿ, ಕನ್ನಡಕ, ಆಪರೇಷನ್

ಹನಿಯ ಮಾತು ಚಿಕ್ಕದು. ಮಸುಕಾದ ಮಸೂರವನ್ನು ಮನುಷ್ಯರಲ್ಲಿ ಮತ್ತೆ ತಿಳಿಯಾಗಿಸುತ್ತದೆ ಎಂದು ಸಾಬೀತಾದ ಹನಿಯಾಗಲಿ ಮಾತ್ರೆಯಾಗಲಿ ಇಲ್ಲ. ಯಾವುದೋ ರಸ ಹಿಂಡಿ ಕಣ್ಣಿಗೆ ಬಿಡುವುದರಿಂದ ಕಾರ್ನಿಯಾ ಹುಣ್ಣಾಗಬಹುದು. ಟಿವಿ, ಮೊಬೈಲು ನೋಡಿದ್ದರಿಂದ ಪೊರೆ ಬೆಳೆಯುವುದೂ ಇಲ್ಲ, ಬಿಟ್ಟರೆ ನಿಲ್ಲುವುದೂ ಇಲ್ಲ. ಧೂಮಪಾನ ಮತ್ತು ಹತೋಟಿ ತಪ್ಪಿದ ಸಕ್ಕರೆ ಅದನ್ನು ಬೇಗ ತರುತ್ತವೆ.

ಹೊಸ ಕನ್ನಡಕ ನಿಜವಾದ ಆಯ್ಕೆಯೇ. ದೂರದ ಮಂಜು ಮಾತ್ರ ಇದ್ದಿದ್ದರೆ ಎರಡನೆಯ ವೈದ್ಯರ ಸಲಹೆಯನ್ನು ನಾನೂ ಒಪ್ಪುತ್ತಿದ್ದೆ. ಆದರೆ ಕನ್ನಡಕ ಬೆಳಕನ್ನು ಸರಿಯಾದ ಜಾಗಕ್ಕೆ ಸೇರಿಸುತ್ತದೆಯೇ ಹೊರತು ಮಸೂರದೊಳಗೆ ಚದುರಿದ ಬೆಳಕನ್ನು ಒಟ್ಟುಗೂಡಿಸಲಾರದು. ಎದುರಿನ ದೀಪ ಒಡೆದು ಹರಡುವುದು ಅದೇ ಚದುರುವಿಕೆ. ಆರು ತಿಂಗಳಲ್ಲಿ ನಂಬರ್ ಮತ್ತೆ ಬದಲಾಗುವ ಸಾಧ್ಯತೆಯೂ ಇದೆ. ಬಲ ಮತ್ತು ಎಡ ಕಣ್ಣಿನ ನಂಬರ್‌ಗಳ ನಡುವೆ ಮೂರರಷ್ಟು ಅಂತರವಾದರೆ ಎರಡು ಬಿಂಬಗಳ ಗಾತ್ರ ಹೊಂದದೆ ತಲೆ ತಿರುಗಿದಂತಾಗುತ್ತದೆ, ಆ ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಆಪರೇಷನ್ನಿನಲ್ಲಿ ಹನಿ ಅಥವಾ ಇಂಜೆಕ್ಷನ್ನಿನಿಂದ ಕಣ್ಣನ್ನು ಮಾತ್ರ ಮರಗಟ್ಟಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅಷ್ಟು ಹೊತ್ತು ಅಂಗಾತ ಅಲುಗಾಡದೆ ಮಲಗಲು ಆಗಬೇಕು, ಕೆಮ್ಮು ಉಬ್ಬಸ ಇದ್ದರೆ ಮುಂಚೆಯೇ ಹೇಳಿ. ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗದಲ್ಲಿ ಸುಮಾರು 5 ಮಿ.ಮೀ. ಅಗಲದ ವೃತ್ತ ತೆರೆದು, ಒಳಗಿನದನ್ನು ಪುಡಿ ಮಾಡಿ ತೆಗೆದು, ಅದೇ ಚೀಲದಲ್ಲಿ ಮಡಚಿದ ಕೃತಕ ಮಸೂರ ಬಿಡಿಸಿ ಇಡುತ್ತಾರೆ. ತೀರಾ ಗಟ್ಟಿಯಾದ ಪೊರೆಗೆ 6 ಮಿ.ಮೀ. ಆಸುಪಾಸಿನ, ತಾನೇ ಮುಚ್ಚಿಕೊಳ್ಳುವ ಸುರಂಗದಂಥ ಸೀಳಿನಿಂದ ಕೈಯಲ್ಲೇ ತೆಗೆಯುವ ವಿಧಾನವೂ ಇದೆ. ಅದು ಹಳೆಯದು, ಕೀಳು ಎಂದುಕೊಳ್ಳಬೇಡಿ, ನುರಿತ ಕೈಯಲ್ಲಿ ಗಟ್ಟಿ ಪೊರೆಗೆ ಫೇಕೋಗಿಂತ ಅದೇ ಕ್ಷೇಮವಾಗಬಹುದು. ‘ಲೇಸರ್ ಆಪರೇಷನ್’ ಎಂಬ ಮಾತಿನಿಂದ ಮೋಸ ಹೋಗುವವರು ಬಹಳ. ಲೇಸರ್ ಕೆಲವು ಕಡೆ ಸೀಳು ಹಾಕಲು, ಚೀಲ ತೆರೆಯಲು ನೆರವಾಗುತ್ತದೆ ಅಷ್ಟೆ, ಪೊರೆಯನ್ನು ಆಮೇಲೆ ಹೀರಿಯೇ ತೆಗೆಯಬೇಕು.

ಅಪಾಯಗಳು ಕಡಿಮೆ, ಆದರೆ ಸೊನ್ನೆ ಅಲ್ಲ. ಮಸೂರದ ಚೀಲದ ಹಿಂಗೋಡೆ ಹರಿಯುವುದು ನುರಿತವರ ಕೈಯಲ್ಲೂ ನೂರಕ್ಕೆ ಒಂದೆರಡು. ಬಹುಪಾಲು ಸಂಭಾಳಿಸಬಹುದಾದದ್ದು, ಮಸೂರವನ್ನು ಬೇರೆ ಜಾಗದಲ್ಲಿ ಕೂರಿಸಬೇಕಾಗಬಹುದು. ಕಣ್ಣೊಳಗಿನ ಸೋಂಕು ಸಾವಿರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ, ಆದರೆ ಬಂದರೆ ದೃಷ್ಟಿಯನ್ನೇ ಕಸಿಯಬಲ್ಲದು. ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿಗೆ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಹಾಕುವುದು, ಕೊನೆಯಲ್ಲಿ ಕಣ್ಣೊಳಗೆ ಆಂಟಿಬಯೋಟಿಕ್ ಬಿಡುವುದು ಇದನ್ನು ತಡೆಯಲಿಕ್ಕೆ. ಆಪರೇಷನ್ ಆದ ಮೊದಲ ವಾರದಲ್ಲಿ ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಕೆಂಪು ಏರಿ ದೃಷ್ಟಿ ಇಳಿದರೆ ಮರುದಿನಕ್ಕೆ ಕಾಯಬೇಡಿ. ಇಲ್ಲಿ ಗಂಟೆಗಳೇ ಲೆಕ್ಕ. ನಾಲ್ಕರಿಂದ ಆರು ವಾರದ ಹೊತ್ತಿಗೆ ಮ್ಯಾಕ್ಯುಲಾ ಊದಿಕೊಂಡು ದೃಷ್ಟಿ ಮತ್ತೆ ಮಂಜಾಗುವುದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು, ಅದಕ್ಕೇ ವೈದ್ಯರು ಬರೆದುಕೊಟ್ಟ ಹನಿಗಳನ್ನು ಮಧ್ಯದಲ್ಲಿ ನಿಲ್ಲಿಸಬಾರದು. ತಿಂಗಳು ವರ್ಷಗಳ ನಂತರ ಉಳಿಸಿದ ಚೀಲ ಮಸುಕಾಗುವುದನ್ನು ಜನ ‘ಪೊರೆ ಮತ್ತೆ ಬಂತು’ ಎನ್ನುತ್ತಾರೆ. ಪೊರೆ ಮತ್ತೆ ಬರುವುದಿಲ್ಲ. ಆ ಮಸುಕನ್ನು ಹೊರರೋಗಿ ವಿಭಾಗದಲ್ಲೇ ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ತೆರೆಯುತ್ತಾರೆ.

ಟ್ಯಾಮ್ಸುಲೋಸಿನ್ ವಿಷಯವನ್ನು ಶಸ್ತ್ರಚಿಕಿತ್ಸಕರಿಗೆ ಬಾಯಿಬಿಟ್ಟು ಹೇಳಿ. ಈ ಮಾತ್ರೆ ಮೂತ್ರಕೋಶದ ಬಾಯಿಯ ಸ್ನಾಯುವಿನಂತೆಯೇ ಐರಿಸ್ಸಿನ ಸ್ನಾಯುವನ್ನೂ ಸಡಿಲಿಸುತ್ತದೆ. ಆಪರೇಷನ್ ನಡುವೆ ಐರಿಸ್ ಜೋತುಬಿದ್ದು ಅಲೆಯಾಡುತ್ತದೆ, ಪಾಪೆ ಕಿರಿದಾಗುತ್ತದೆ, ಚೀಲ ಹರಿಯುವ ಅಪಾಯ ಏರುತ್ತದೆ. ಮುಂಚೆ ಗೊತ್ತಿದ್ದರೆ ಪಾಪೆ ಹಿಡಿದಿಡುವ ಔಷಧಿ, ಕೊಕ್ಕೆ ಅಥವಾ ಉಂಗುರ ಸಿದ್ಧವಿಟ್ಟುಕೊಳ್ಳುತ್ತಾರೆ. ನೀವಾಗಿಯೇ ಮಾತ್ರೆ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ, ಪರಿಣಾಮ ಬಹುಕಾಲ ಉಳಿಯುತ್ತದೆ, ಮೂತ್ರ ಕಟ್ಟಿಕೊಳ್ಳುವ ಪೇಚಾಟ ಬೇರೆ. ಸಕ್ಕರೆಯನ್ನೂ ಕೆಲವೇ ದಿನಗಳಲ್ಲಿ ದಿಢೀರ್ ಇಳಿಸುವ ಸಾಹಸ ಬೇಡ.

ಮಸೂರದ ಆಯ್ಕೆಯಲ್ಲಿ ದುಬಾರಿಯದ್ದೇ ಒಳ್ಳೆಯದು ಎಂದಿಲ್ಲ. ಒಂದೇ ದೂರಕ್ಕೆ ಹೊಂದಿಸಿದ ಮಾನೋಫೋಕಲ್ ಮಸೂರ ದೂರಕ್ಕೆ ಸ್ಪಷ್ಟ ನೋಟ ಕೊಡುತ್ತದೆ, ಓದಲು ಕನ್ನಡಕ ಬೇಕು. ಈಗ ಬರಿಗಣ್ಣಲ್ಲಿ ಓದುತ್ತಿರುವ ನಿಮ್ಮ ತಂದೆಗೆ ಈ ಬದಲಾವಣೆಯನ್ನು ಮುಂಚೆಯೇ ಹೇಳಿ, ಇಲ್ಲದಿದ್ದರೆ ಆಪರೇಷನ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಹಲವು ದೂರಗಳಿಗೆ ಹೊಂದಿಸಿದ ಮಲ್ಟಿಫೋಕಲ್ ಮಸೂರ ಕನ್ನಡಕದ ಅಗತ್ಯ ಕಡಿಮೆ ಮಾಡುತ್ತದೆ, ಬದಲಿಗೆ ರಾತ್ರಿ ದೀಪದ ಸುತ್ತ ಬಳೆಗಳು ಕಾಣುತ್ತವೆ, ಮಂದ ಬೆಳಕಿನಲ್ಲಿ ಸ್ಪಷ್ಟತೆ ತಗ್ಗುತ್ತದೆ. ರಾತ್ರಿ ಓಡಿಸಬೇಕೆನ್ನುವ, ಸಕ್ಕರೆ ಕಾಯಿಲೆ ಇರುವ ವ್ಯಕ್ತಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮಸೂರದ ಪವರ್ ಲೆಕ್ಕಕ್ಕೆ ಕಣ್ಣುಗುಡ್ಡೆಯ ಉದ್ದ ಅಳೆಯುತ್ತಾರೆ. ಅದರಲ್ಲಿ 1 ಮಿ.ಮೀ. ತಪ್ಪಿದರೆ ನಂಬರ್ ಎರಡೂವರೆಯಿಂದ ಮೂರರಷ್ಟು ತಪ್ಪುತ್ತದೆ. ಹಿಂದೆ ಕನ್ನಡಕ ಬಿಡಿಸುವ ಲೇಸರ್ ಮಾಡಿಸಿದ್ದರೆ ಅದನ್ನೂ ಹೇಳಬೇಕು, ಲೆಕ್ಕದ ಸೂತ್ರವೇ ಬದಲಾಗುತ್ತದೆ.

ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ: ರೆಟಿನಾ ಪರೀಕ್ಷೆಯಲ್ಲಿ ಊತ ಇಲ್ಲದಿದ್ದರೆ, ದೀಪ ಒಡೆಯುವುದು ಮತ್ತು ಎಡವುವುದು ಎರಡೂ ಇರುವುದರಿಂದ, ಬಲಗಣ್ಣಿಗೆ ಮುಂದಿನ ಒಂದೆರಡು ತಿಂಗಳಲ್ಲಿ ಅನುಕೂಲ ನೋಡಿಕೊಂಡು ಮಾಡಿಸುವುದು ಸರಿ. ತುರ್ತಿಲ್ಲ, ಆರು ತಿಂಗಳು ಮುಂದೂಡುವುದರಿಂದ ಗಳಿಸುವುದೂ ಏನಿಲ್ಲ. ಎಡಗಣ್ಣಿನ ಮಾತು ಬಲಗಣ್ಣಿನ ಫಲಿತಾಂಶ ನೋಡಿದ ಮೇಲೆ. ಎರಡರ ನಂಬರ್ ಹೊಂದದಿದ್ದರೆ ಅದನ್ನೂ ಬೇಗ ಮಾಡಿಸಬೇಕಾದೀತು. ಅವರು ಈಗ ಬೇಡ ಎಂದರೆ ಬಲವಂತ ಮಾಡಬೇಡಿ, ಆರು ತಿಂಗಳಿಗೊಮ್ಮೆ ಪೊರೆ ಮತ್ತು ಒತ್ತಡ ನೋಡಿಸಿ. ರೆಟಿನಾ ಪರೀಕ್ಷೆಯನ್ನು ಮಾತ್ರ ಅವರ ಇಷ್ಟಕ್ಕೆ ಬಿಡಬೇಡಿ.

ರಾತ್ರಿ ಕಾರು ಓಡಿಸುವುದು ಇಂದಿನಿಂದಲೇ ನಿಲ್ಲಲಿ. ಪರೀಕ್ಷೆಗೆ ಹೋಗುವ ದಿನ ಹಗಲಿನಲ್ಲೂ ಚಾಲಕ ನೀವೇ ಆಗಿರಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಬಿಸಿಲು ಕಣ್ಣು ಕುಕ್ಕುತ್ತದೆ, ಹತ್ತಿರದ್ದು ಮಂಜಾಗಿರುತ್ತದೆ. ಹೋಗುವಾಗ ಹಳೆಯ ಮತ್ತು ಹೊಸ ಎರಡೂ ಕನ್ನಡಕ, ಎಲ್ಲ ಮಾತ್ರೆಗಳ ಪಟ್ಟಿ, ಇಬ್ಬರೂ ವೈದ್ಯರು ಬರೆದುಕೊಟ್ಟ ಚೀಟಿಗಳನ್ನು ಒಯ್ಯಿರಿ.